ಸ್ವಲ್ಪ ಅಡ್ಜಸ್ಟ್ ಮಾಡಿ – ಆದರೆ ಯಾರು?



ಈ ಸಲದ ಯುಗಾದಿಯ ಊಟದ ದಿನ ನಡೆದ ಒಂದು ಸಣ್ಣ ಸಂಗತಿಯಿಂದ ಆರಂಭಿಸುತ್ತೇನೆ. ಸೂರ್‌ನಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಹಬ್ಬ ಯಾವ ವಾರ ಬಿದ್ದರೂ ನಮ್ಮ ಪಾಲಿಗೆ ಅದು ಮುಂದಿನ ಶುಕ್ರವಾರವೇ. ಅಂದು ನಮ್ಮ ಮನೆಯ ಹಜಾರದಲ್ಲಿ ಇಪ್ಪತ್ತು ಜನ ಕೂಡುವಲ್ಲಿ ಮೂವತ್ತು ಜನ ಕೂತಿದ್ದರು. ಬಾಗಿಲಲ್ಲಿ ಹಿಂಜರಿದು ನಿಂತ ಹೊಸ ಕುಟುಂಬವೊಂದಕ್ಕೆ ಯಾರೋ “ಬನ್ನಿ ಬನ್ನಿ, ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡರಾಯಿತು” ಎಂದರು. ಎಲ್ಲರೂ ಒಂದೊಂದು ಗೇಣು ಸರಿದರು. ಐವರಿಗೆ ಜಾಗವಾಯಿತು. ಕನ್ನಡಿಗರು ಇಂಗ್ಲಿಷಿನಿಂದ ಎರವಲು ತಂದು ತಮ್ಮದಾಗಿಸಿಕೊಂಡ ಮಾತುಗಳಲ್ಲಿ ಇದಕ್ಕಿಂತ ಚೆಂದದ ಮಾತು ಇನ್ನೊಂದಿಲ್ಲವೆಂದು ನಾವೆಲ್ಲ ನಕ್ಕೆವು.

ಒಬ್ಬಟ್ಟು ಬಡಿಸುತ್ತಿರುವಾಗ ಊರಿನಿಂದ ಅತ್ತಿಗೆಯ ಫೋನು ಬಂತು. ಹಿಂದಿನ ರಾತ್ರಿ ಎರಡು ಗಂಟೆಗೆ ಅಣ್ಣ ತೋಟಕ್ಕೆ ಪಂಪ್‌ಸೆಟ್ ಹಾಕಲು ಹೋದವನು ಬದುವಿನ ಮೇಲೆ ಕಾಲು ತಪ್ಪಿ ಬಿದ್ದು ಮುಂಗೈ ಮುರಿದುಕೊಂಡಿದ್ದಾನೆ. ಕೈಯಲ್ಲಿ ಬ್ಯಾಟರಿ ಇತ್ತು. ಆದರೆ ಅವನಿಗೆ ಎಡಗಣ್ಣು ಸರಿಯಾಗಿ ಕಾಣುವುದಿಲ್ಲ. ನಾನು ಫೋನು ಹಿಡಿದು “ಆ ಹೊತ್ತಿನಲ್ಲಿ ಯಾಕೆ ಹೋದೆ?” ಎಂದು ಗದರಿದೆ. ಅಣ್ಣ ಹೇಳಿದ್ದು ಇಷ್ಟೇ: “ಏನ್ ಮಾಡೋದಪ್ಪ, ಈ ವಾರ ನಮ್ಮ ಕಡೆ ತ್ರೀ ಫೇಸ್ ರಾತ್ರಿ ಪಾಳಿ. ಕರೆಂಟು ನಮ್ಮ ಹೊತ್ತಿಗೆ ಬರ್ತದಾ? ಅದರ ಹೊತ್ತಿಗೆ ನಾವೇ ಅಡ್ಜಸ್ಟ್ ಮಾಡ್ಕೋಬೇಕು.”

ಹಜಾರಕ್ಕೆ ಮರಳಿ ಬಂದಾಗ ಮನೆಯ ಮೂರೂ ಏ.ಸಿ.ಗಳು 18 ಡಿಗ್ರಿಗೆ ಓಡುತ್ತಿದ್ದವು. ಜನ ಓಡಾಡುತ್ತಿದ್ದರೆಂದು ಬಾಗಿಲು ತೆರೆದೇ ಇತ್ತು. ಒಂದೇ ದಿನದಲ್ಲಿ ಎರಡು ಸಲ ಕೇಳಿದ ಆ ಒಂದೇ ಮಾತು ಆಗಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಅಡ್ಜಸ್ಟ್ ಮಾಡುವುದು ಒಳ್ಳೆಯ ಗುಣವೇ ಸರಿ. ಆದರೆ ಯಾವಾಗಲೂ ಮಾಡುವವರು ಯಾರು, ಮಾಡದೆ ಕೂತಿರುವವರು ಯಾರು? ಕಣ್ಣಿನ ಕಾಯಿಲೆಯ ಚಿಕಿತ್ಸೆಯಲ್ಲಿಯೂ ವಿದ್ಯುತ್ತಿನ ವಿಷಯದಲ್ಲಿಯೂ ಇಂದು ಲೋಕದಲ್ಲಿ ದೊಡ್ಡ ಸಂಶೋಧನೆಗಳು ನಡೆದಿವೆ. ಇವೆರಡಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ನಮ್ಮ ಅಣ್ಣನ ಬದುಕಿನಲ್ಲಿ ಎರಡೂ ಒಂದೇ ರಾತ್ರಿ, ಒಂದೇ ಬದುವಿನ ಮೇಲೆ ಸೇರಿಕೊಂಡವು. ಆದ್ದರಿಂದ ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ಮೊದಲು ವಿದ್ಯುತ್ತಿನ ಮಾತು. ನಮ್ಮಲ್ಲಿ ಅನೇಕರು ಇದೇ ಕಸುಬಿನವರು. ಅವರು ಈ ಒಂದೆರಡು ಪ್ಯಾರಾ ದಾಟಿ ಓದಬಹುದು. ವಿದ್ಯುತ್ತು ಅಕ್ಕಿಯಂತೆ ಮೂಟೆ ಕಟ್ಟಿ ಇಡುವ ಪದಾರ್ಥವಲ್ಲ. ಬ್ಯಾಟರಿಗಳು ಬಂದಿವೆ ನಿಜ, ಆದರೆ ಒಂದು ರಾಜ್ಯದ ಬೇಡಿಕೆಯನ್ನು ದಿನಗಟ್ಟಲೆ ಹೊರುವಷ್ಟು ಅಲ್ಲ. ಯಾವ ಕ್ಷಣದಲ್ಲಿ ಎಷ್ಟು ಖರ್ಚೋ ಆ ಕ್ಷಣದಲ್ಲಿ ಅಷ್ಟೇ ಉತ್ಪಾದನೆ ಆಗಬೇಕು. ತಪ್ಪಿದರೆ ಸೆಕೆಂಡಿಗೆ 50 ಆವರ್ತದ ತಾಳ ತಪ್ಪಿ, ಇಡೀ ಜಾಲವೇ ಕುಸಿಯಬಹುದು. ಹೀಗಾಗಿ ವರ್ಷದಲ್ಲಿ ಕೆಲವೇ ದಿನಗಳ ಕೆಲವೇ ಗಂಟೆಗಳ ಅತಿಬೇಡಿಕೆಗಾಗಿ ದೊಡ್ಡ ದೊಡ್ಡ ಯಂತ್ರಗಳನ್ನು ಕಟ್ಟಿ ನಿಲ್ಲಿಸಿಕೊಳ್ಳಬೇಕಾಗುತ್ತದೆ. ಮದುವೆಯ ಒಂದು ಊಟಕ್ಕೆಂದು ಮನೆಯಲ್ಲಿ ಐನೂರು ತಟ್ಟೆ ಕೊಂಡಿಟ್ಟಂತೆ.

ಹಿಂದೆ ಎಂಜಿನಿಯರುಗಳ ಧರ್ಮ ಒಂದೇ ಇತ್ತು: ಜನ ಎಷ್ಟು ಕೇಳುತ್ತಾರೋ ಅಷ್ಟು ಒದಗಿಸುವುದು. ಈಗ ಬಿಸಿಲು ಮತ್ತು ಗಾಳಿಯ ವಿದ್ಯುತ್ತು ಬಂದ ಮೇಲೆ ಇನ್ನೊಂದು ಧರ್ಮ ಹುಟ್ಟಿಕೊಂಡಿದೆ. ಸೂರ್ಯನಿಗೆ ಸ್ವಿಚ್ಚಿಲ್ಲ. ಮಧ್ಯಾಹ್ನ ವಿದ್ಯುತ್ತು ಹೇರಳ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಮಾಯ. ಆದ್ದರಿಂದ ಬೇಡಿಕೆಯನ್ನೇ ಹೊತ್ತಿಗೆ ತಕ್ಕಂತೆ ಸರಿಸಬಹುದೇ ಎಂದು ಎಲ್ಲ ದೇಶಗಳೂ ಪ್ರಯೋಗ ಮಾಡುತ್ತಿವೆ. ನೀರಿನ ತೊಟ್ಟಿಯನ್ನು ಮಧ್ಯಾಹ್ನವೇ ತುಂಬಿಸುವುದು, ಕಟ್ಟಡವನ್ನು ಬಿಸಿಲಿರುವಾಗಲೇ ತುಸು ಹೆಚ್ಚು ತಂಪು ಮಾಡಿಟ್ಟು ಸಂಜೆ ಯಂತ್ರ ಇಳಿಸುವುದು, ಮೋಟಾರು ಗಾಡಿಯನ್ನು ನಡುರಾತ್ರಿ ಚಾರ್ಜ್ ಮಾಡುವುದು ಇತ್ಯಾದಿ. ಒಟ್ಟು ಖರ್ಚು ಕಡಿಮೆಯಾಗಬೇಕೆಂದೇನಿಲ್ಲ, ಅದರ ಹೊತ್ತು ಬದಲಾದರೂ ಸಾಕು.

ನಮ್ಮ ಸೂರ್‌ ಈ ವಿಚಾರಕ್ಕೆ ಒಳ್ಳೆಯ ಪಾಠಶಾಲೆ. ಒಂದು ಕಾಲಕ್ಕೆ ಮಲಬಾರಿನ ತೇಗದಿಂದ ಹಡಗು ಕಟ್ಟಿ ಬದುಕಿದ ಊರು ಇದು. ಇಂದು ಇಲ್ಲಿ 2014ರ ಕೊನೆಯಲ್ಲಿ ಪೂರ್ಣವಾಗಿ ಆರಂಭವಾದ 2000 ಮೆಗಾವಾಟಿನ ಅನಿಲ ವಿದ್ಯುತ್ ಸ್ಥಾವರ ಇದೆ. ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರವೂ ಇದೆ. ನಾವು ಕುಡಿಯುವ ಒಂದು ಸಾವಿರ ಲೀಟರು ನೀರಿನ ಹಿಂದೆ ಸುಮಾರು ಮೂರು ನಾಲ್ಕು ಯೂನಿಟ್ ವಿದ್ಯುತ್ತು ಇರುತ್ತದೆ. ಎಂದರೆ ಸ್ನಾನದ ಮನೆಯ ನಲ್ಲಿ ತಿರುಗಿಸಿದಾಗಲೂ ನಾವು ಕರೆಂಟನ್ನೇ ಹರಿಯಬಿಡುತ್ತಿದ್ದೇವೆ. ಬೇಸಿಗೆಯಲ್ಲಿ ಈ ದೇಶದ ಬೇಡಿಕೆ ಚಳಿಗಾಲಕ್ಕಿಂತ ಬಹಳ ಎತ್ತರಕ್ಕೆ ಏರುತ್ತದೆ. ಅದಕ್ಕೆ ಮುಖ್ಯ ಕಾರಣ ಮನೆ ಮನೆಯ ಏ.ಸಿ. ಇದನ್ನು ಕಂಡು ಒಮಾನ್ ಸರಕಾರ 2017ರ ಜನವರಿಯಲ್ಲಿ, ವರ್ಷಕ್ಕೆ ಒಂದೂವರೆ ಲಕ್ಷ ಯೂನಿಟ್ಟಿಗೆ ಮಿಕ್ಕಿ ಬಳಸುವ ದೊಡ್ಡ ಗ್ರಾಹಕರಿಗೆ ಹೊತ್ತಿಗೊಂದು ದರ ಗೊತ್ತುಮಾಡಿತು. 2022ರಲ್ಲಿ ಇಬ್ರಿಯಲ್ಲಿ 500 ಮೆಗಾವಾಟಿನ ಸೌರ ಸ್ಥಾವರ ಉದ್ಘಾಟನೆಯಾಯಿತು. ಇಲ್ಲಿ ಗಮನಿಸಬೇಕಾದದ್ದು, ಅಡ್ಜಸ್ಟ್ ಮಾಡಿ ಎಂದು ಮೊದಲು ಹೇಳಿದ್ದು ದೊಡ್ಡವರಿಗೆ, ಗುಡಿಸಲಿನವರಿಗಲ್ಲ.

ಇನ್ನೊಂದು ಉದಾಹರಣೆಯೂ ಇಲ್ಲಿಯದೇ. ಜೂನ್ ಒಂದರಿಂದ ಆಗಸ್ಟ್ ಕೊನೆಯವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ ಕಟ್ಟಡದ ಕೆಲಸ ಮಾಡಿಸಕೂಡದೆಂದು ಇಲ್ಲಿ ಕಾನೂನಿದೆ. ಅದರ ಪಾಲನೆಯಲ್ಲಿ ಹೆಚ್ಚುಕಡಿಮೆ ಇರಬಹುದು. ಆದರೆ ತತ್ವ ನೋಡಿ: ಬಿಸಿಲಿಗೆ ಮೈಯೊಡ್ಡುವ ಕೂಲಿಯವನು ಅಡ್ಜಸ್ಟ್ ಮಾಡಬೇಕಿಲ್ಲ, ಕಂಟ್ರಾಕ್ಟರನ ವೇಳಾಪಟ್ಟಿ ಅಡ್ಜಸ್ಟ್ ಆಗಬೇಕು.

ಈಗ ನಮ್ಮ ನಾಡಿನ ಕಡೆ ತಿರುಗೋಣ. ಕರ್ನಾಟಕಕ್ಕೆ ವಿದ್ಯುತ್ತು ಹೊಸತಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಹಳ್ಳಿಯ ಸರದಿ ಬಹಳ ತಡವಾಗಿ ಬಂತು. ಇಂದು ರಾಜ್ಯದಲ್ಲಿ 30 ಲಕ್ಷಕ್ಕೂ ಮಿಕ್ಕಿ ನೀರಾವರಿ ಪಂಪ್‌ಸೆಟ್ಟುಗಳಿವೆ. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಅವುಗಳಿಗೆ ಹೋಗುತ್ತದೆ. ಅವುಗಳಿಗೆ ಬೇಕಾದ ತ್ರೀ ಫೇಸ್ ವಿದ್ಯುತ್ತು ದಿನಕ್ಕೆ 7 ಗಂಟೆ ಎಂದು ಸರಕಾರದ ಲೆಕ್ಕ. ಆ 7 ಗಂಟೆ ಯಾವಾಗ ಎಂಬುದು ರೈತನ ಕೈಯಲ್ಲಿಲ್ಲ. ಪೇಟೆಯವರು ಟೀವಿ ನೋಡುವ ಹೊತ್ತಿನಲ್ಲಿ ಅಂತೂ ಅಲ್ಲ. ಅವರೆಲ್ಲ ಮಲಗಿದ ಮೇಲೆ ಮಿಕ್ಕದ್ದು ಹಳ್ಳಿಗೆ. ನಮ್ಮ ಹಿರಿಯೂರು ತಾಲ್ಲೂಕಿನಲ್ಲಿ ನಾನು ಹುಡುಗನಾಗಿದ್ದಾಗಿನಿಂದ ಕಂಡ ಚಿತ್ರ ಇದೇ: ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಕಾರ್ಖಾನೆಯ ಪಾಳಿಗಾದರೂ ಭತ್ಯೆ ಉಂಟು.

ಎಂಜಿನಿಯರರ ಭಾಷೆಯಲ್ಲಿ ಹೇಳುವುದಾದರೆ ಪಂಪ್‌ಸೆಟ್ಟಿನಷ್ಟು ಸುಲಭವಾಗಿ ಸರಿಸಬಹುದಾದ ಬೇಡಿಕೆ ಇನ್ನೊಂದಿಲ್ಲ. ತೆಂಗಿನ ಬುಡಕ್ಕೆ ನೀರು ಮಧ್ಯಾಹ್ನ ಬಂದರೂ ಒಂದೇ, ರಾತ್ರಿ ಎರಡಕ್ಕೆ ಬಂದರೂ ಒಂದೇ. ಮರಕ್ಕೆ ನಿದ್ರೆ ಕೆಡುವುದಿಲ್ಲ, ಕೆಡುವುದು ಮನುಷ್ಯನಿಗೆ. ಆಟೋ ಸ್ಟಾರ್ಟರ್ ಹಾಕಿಕೊಳ್ಳಬಾರದೇ ಎಂದು ಪೇಟೆಯ ನೆಂಟರು ಕೇಳುತ್ತಾರೆ. ಹಾಕಿಕೊಂಡವರಿದ್ದಾರೆ, ಮೊಬೈಲಿನಿಂದಲೇ ಮೋಟಾರು ಚಾಲೂ ಮಾಡುವವರೂ ಇದ್ದಾರೆ. ಆದರೆ ಕರೆಂಟು ಬಂದ ಕೂಡಲೇ ಊರಿನ ಮೋಟಾರೆಲ್ಲ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆಂದು ಕರೆಂಟಿನವರು ಗೊಣಗುತ್ತಾರೆ. ಮೋಟಾರು ತಾನಾಗಿ ಎದ್ದರೂ ಈ ಸಾಲಿನಿಂದ ಆ ಸಾಲಿಗೆ ನೀರು ತಿರುಗಿಸಲು, ವಾಲ್ವ್ ಬದಲಿಸಲು ಆಳು ಹೋಗಲೇಬೇಕು. ಹಾವು, ಹಂದಿ, ಕೆಲವು ಕಡೆ ಕರಡಿ, ಚಿರತೆ ಎಲ್ಲವನ್ನೂ ಆ ಹೊತ್ತಿನಲ್ಲಿಯೇ ಎದುರಿಸಬೇಕು.

ವಿದೇಶಗಳ ಪಂಡಿತರು ಹೊಸದಾಗಿ ಕಂಡುಹಿಡಿದಂತೆ ಮಾತನಾಡುತ್ತಿರುವ ಈ ‘ಹೊಂದಿಕೊಳ್ಳುವ ಬೇಡಿಕೆ’ಯನ್ನು ನಮ್ಮ ರೈತ ದಶಕಗಳಿಂದ ಮಾಡುತ್ತಿದ್ದಾನೆ ಎಂಬುದೇ ನನ್ನ ಮೊದಲ ಮಾತು. ಅವನನ್ನು ಯಾರೂ ಕೇಳಿ ಒಪ್ಪಿಸಲಿಲ್ಲ, ಅದಕ್ಕಾಗಿ ಯಾರೂ ಅವನಿಗೆ ಪ್ರಶಸ್ತಿ ಕೊಡಲಿಲ್ಲ, ಅಷ್ಟೇ.

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ನಮ್ಮ ಊರಿನಿಂದ ಹೆಚ್ಚು ದೂರವಲ್ಲದ ಪಾವಗಡದಲ್ಲಿ ಸುಮಾರು 13,000 ಎಕರೆ ನೆಲದಲ್ಲಿ ಸೌರ ಪಾರ್ಕು ತಲೆಯೆತ್ತಿದೆ. 2018ರ ಮಾರ್ಚಿನಲ್ಲಿ ಅದನ್ನು ಉದ್ಘಾಟಿಸಿದರು; ಪೂರ್ತಿಯಾದಾಗ 2050 ಮೆಗಾವಾಟು. ಮಳೆಯಿಲ್ಲದೆ ಬಿದ್ದಿದ್ದ ನೆಲವನ್ನು ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ. ಅಲ್ಲಿ ವಿದ್ಯುತ್ತು ಹುಟ್ಟುವುದು ಹಗಲು. ಹಗಲು ಹುಟ್ಟಿದ್ದನ್ನು ಹಗಲೇ ಪಂಪ್‌ಸೆಟ್ಟಿಗೆ ಕೊಟ್ಟರೆ ಜಾಲಕ್ಕೂ ಹಿತ, ರೈತನಿಗೂ ಹಿತ. ಈ ದಾರಿಯಲ್ಲಿ ಕೆಲಸ ಆರಂಭವಾಗಿದೆಯೆಂಬುದನ್ನೂ ಹೇಳಬೇಕು. 2019ರಲ್ಲಿ ಕೇಂದ್ರ ಸರಕಾರ ತಂದ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ಟಿನ ಲೈನುಗಳನ್ನೇ ಸೌರಶಕ್ತಿಗೆ ಜೋಡಿಸಲು ಅವಕಾಶವಿದೆ. ಅದು ಬಂದ ಕಡೆ ಹಗಲು ಹೊತ್ತು ನೀರು ಕಟ್ಟಿ ರಾತ್ರಿ ಮಲಗಬಹುದು. ಇದು ನಿಜವಾದ ಪ್ರಗತಿ. ಇದನ್ನು ನಮ್ಮ ಊರಿನವರು ಕೇಳಿ ಪಡೆಯಬೇಕು, ನಾವು ರಜೆಗೆ ಹೋದಾಗ ಪಂಚಾಯಿತಿ ಕಟ್ಟೆಯಲ್ಲಿ ಇದನ್ನು ಮಾತನಾಡಬೇಕು.

ಪೇಟೆಯವರ ಸರದಿಯೂ ಬಂದಿದೆ. 2023ರಲ್ಲಿ ಕೇಂದ್ರ ಸರಕಾರ ನಿಯಮ ತಿದ್ದಿ, ಬಿಸಿಲಿರುವ ಹೊತ್ತಿಗೆ ಕಡಿಮೆ ದರ, ಅತಿಬೇಡಿಕೆಯ ಹೊತ್ತಿಗೆ ಹೆಚ್ಚು ದರ ಎಂಬ ಪದ್ಧತಿಯನ್ನು ಮೊದಲು ಅಂಗಡಿ ಕಾರ್ಖಾನೆಗಳಿಗೆ, ಆಮೇಲೆ ಹೊಸ ಮೀಟರು ಬಂದ ಮನೆಗಳಿಗೆ ಎಂದು ಗೊತ್ತುಮಾಡಿತು. ವ್ಯವಸಾಯವನ್ನು ಅದರಿಂದ ಹೊರಗಿಟ್ಟಿತು. ಮನೆಯವರು ಗೊಣಗಬಹುದು. ಆದರೆ ಪೇಟೆ ತನ್ನ ಹೊತ್ತನ್ನು ಸರಿಸದಿದ್ದರೆ ಇನ್ನೊಬ್ಬರು ಸರಿಯಬೇಕಾಗುತ್ತದೆ. ಶರಾವತಿಯ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಭೂಗತ ಸ್ಥಾವರದ ಪ್ರಸ್ತಾಪ ಬಂದಿರುವುದು, ಕರೆಂಟು ಹೆಚ್ಚಿದ್ದಾಗ ನೀರನ್ನು ಮೇಲೆತ್ತಿ, ಬೇಕಾದ ಹೊತ್ತಿಗೆ ಕೆಳಗೆ ಬಿಡಲೆಂದು. ಸಿಂಗಳೀಕದ ಕಾಡಿಗೆ ಹಾನಿಯೆಂದು ಅದಕ್ಕೆ ಬಲವಾದ ವಿರೋಧವಿದೆ. ನಾನು ಎಂಜಿನಿಯರನಾಗಿ ಅಂಥ ಯಂತ್ರಗಳ ಪ್ರಯೋಜನ ಬಲ್ಲೆ. ಆದರೂ ಕೇಳುತ್ತೇನೆ: ಗೀಸರು ಹಾಕುವ ಹೊತ್ತನ್ನು ನಾವು ಒಂದು ಗಂಟೆ ಸರಿಸಲಾರದೆ ಸಿಂಗಳೀಕಕ್ಕೆ ಅಡ್ಜಸ್ಟ್ ಮಾಡೆನ್ನುವುದು ಯಾವ ನ್ಯಾಯ? ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಇನ್ನು ಕಣ್ಣಿನ ಮಾತು. ಇಲ್ಲಿ ಸಂಶೋಧನೆಯ ಚರಿತ್ರೆ ನನಗೆ ಹೆಚ್ಚು ಭರವಸೆ ಕೊಡುತ್ತದೆ. ಏಕೆಂದರೆ ಇಲ್ಲಿ ಒಳ್ಳೆಯ ಸಂಶೋಧನೆಯೆಲ್ಲ ರೋಗಿಯ ಅಡ್ಜಸ್ಟ್‌ಮೆಂಟನ್ನು ಕಡಿಮೆ ಮಾಡುತ್ತ ಬಂದಿದೆ.

ನಮ್ಮ ತಂದೆತಾಯಿಯರ ತಲೆಮಾರಿನ ಕರ್ನಾಟಕದಲ್ಲಿ ಕಣ್ಣು ಎಂದರೆ ಡಾಕ್ಟರ್ ಮೋದಿ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ, ಶಾಲೆಯಲ್ಲೋ ಛತ್ರದಲ್ಲೋ ಶಿಬಿರ ಹೂಡಿ, ಒಂದೇ ದಿನ ನೂರಾರು ಜನರ ಪೊರೆ ತೆಗೆಯುತ್ತಿದ್ದರು. 1968ರಲ್ಲಿ ಪದ್ಮಭೂಷಣ ಬಂತು, 2005ರಲ್ಲಿ ತೀರಿಕೊಂಡರು. ಆಸ್ಪತ್ರೆ ಜನರ ಬಳಿಗೆ ಹೋಗಬೇಕೆಂದು ಅವರು ಮಾಡಿ ತೋರಿಸಿದರು. ಆದರೂ ಆ ಕಾಲದ ಚಿಕಿತ್ಸೆಯಲ್ಲಿ ರೋಗಿ ಸಹಿಸಬೇಕಾದ್ದು ಕಡಿಮೆಯಿರಲಿಲ್ಲ. ಪೊರೆ ಪೂರ್ತಿ ಬಲಿತು ಕಣ್ಣು ಕಾಣದಾಗುವವರೆಗೆ ಕಾಯಬೇಕು. ಆಪರೇಷನ್ ಆದ ಮೇಲೆ ತಲೆ ಅಲುಗಿಸದೆ ದಿನಗಟ್ಟಲೆ ಮಲಗಬೇಕು. ಬಳಿಕ ಜೀವಮಾನವಿಡೀ ಸೋಡಾ ಸೀಸೆಯ ಬುಡದಂಥ ಕನ್ನಡಕ. ನಮ್ಮ ಅಜ್ಜಿಯ ಕನ್ನಡಕವನ್ನು ಹಾಕಿಕೊಂಡು ನಾವು ಮೊಮ್ಮಕ್ಕಳು ತಲೆತಿರುಗಿಸಿಕೊಂಡದ್ದು ನೆನಪಿದೆ.

ಆಮೇಲೆ ಏನಾಯಿತು ನೋಡಿ. 1949ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಕಣ್ಣೊಳಗೇ ಕೃತಕ ಮಸೂರವನ್ನು ಇಟ್ಟರು. ಯುದ್ಧವಿಮಾನದ ಗಾಜಿನಂಥ ಪ್ಲಾಸ್ಟಿಕ್ಕಿನ ಚೂರುಗಳು ಪೈಲಟ್ಟುಗಳ ಕಣ್ಣಿನೊಳಗೆ ಹೊಕ್ಕರೂ ಕಣ್ಣು ಕೆಡದಿದ್ದುದನ್ನು ಕಂಡು ಅವರಿಗೆ ಈ ಯೋಚನೆ ಹೊಳೆದದ್ದು. ಅವರ ಸಹೋದ್ಯೋಗಿಗಳೇ ಬಹುಕಾಲ ಅದನ್ನು ಒಪ್ಪಲಿಲ್ಲ. ಒಪ್ಪಿದ ಮೇಲೂ ಆ ಮಸೂರ ನಮ್ಮ ಬಡವರಿಗೆ ಎಟುಕದ ಬೆಲೆಯದು. 1992ರಲ್ಲಿ ಮದುರೆಯ ಅರವಿಂದ ಕಣ್ಣಾಸ್ಪತ್ರೆಯವರು ಆರೋಲ್ಯಾಬ್ ಎಂಬ ತಮ್ಮದೇ ಕಾರ್ಖಾನೆ ತೆರೆದು ಅದನ್ನು ಅಗ್ಗವಾಗಿ ತಯಾರಿಸತೊಡಗಿದರು. ಇಂದು ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬರುವ ಪೊರೆಯ ಆಪರೇಷನ್ ಹಳ್ಳಿಯವರಿಗೂ ಎಟುಕಿದೆ.

ನಾವಿರುವ ಈ ದೇಶದ್ದೂ ಒಂದು ಕಥೆ ಇದೆ, ನಮ್ಮ ಮಕ್ಕಳು ತಿಳಿಯಬೇಕಾದದ್ದು. ಟ್ರಕೋಮ ಎಂಬ ಕಣ್ಣಿನ ಸೋಂಕು ಒಂದು ಕಾಲದಲ್ಲಿ ಒಮಾನಿನಲ್ಲಿ ವ್ಯಾಪಕವಾಗಿತ್ತು. ರೆಪ್ಪೆಯ ಒಳಗೆ ಗಾಯವಾಗಿ, ರೆಪ್ಪೆಕೂದಲು ಒಳಕ್ಕೆ ತಿರುಗಿ, ಕಣ್ಣನ್ನು ಕೆರೆಕೆರೆದು ಕುರುಡು ಮಾಡುವ ಕಾಯಿಲೆ ಅದು. ಹಿಂದಿನ ಚಿಕಿತ್ಸೆಯೆಂದರೆ ಮುಲಾಮನ್ನು ದಿನಕ್ಕೆ ಎರಡು ಸಲ, ಆರು ವಾರ ಹಚ್ಚುವುದು. ಚಿಕ್ಕ ಮಗುವಿನ ಕಣ್ಣಿಗೆ ಉರಿಯುವ ಮುಲಾಮನ್ನು ಆರು ವಾರ ಯಾವ ತಾಯಿ ತಪ್ಪದೆ ಹಚ್ಚಿಯಾಳು? 1993ರಲ್ಲಿ ಪ್ರಕಟವಾದ ಗ್ಯಾಂಬಿಯಾ ದೇಶದ ಒಂದು ಅಧ್ಯಯನ, ಅಜಿತ್ರೊಮೈಸಿನ್ ಎಂಬ ಔಷಧವನ್ನು ಒಂದೇ ಒಂದು ಸಲ ನುಂಗಿಸಿದರೂ ಅಷ್ಟೇ ಗುಣ ಎಂದು ತೋರಿಸಿತು. ಆರು ವಾರದ ತಾಪತ್ರಯ ಒಂದು ಗುಟುಕಿಗೆ ಇಳಿಯಿತು! ಆದರೆ ಔಷಧವೊಂದೇ ಸಾಲದು. ಮುಖ ತೊಳೆಯಲು ನೀರು ಬೇಕು, ಊರು ಶುಚಿಯಾಗಿರಬೇಕು, ಶಾಲೆಯಲ್ಲಿ ಮಕ್ಕಳ ಕಣ್ಣು ನೋಡಬೇಕು. ಇದನ್ನೆಲ್ಲ ಮಾಡಿದ ಒಮಾನ್, ಈ ಕಾಯಿಲೆಯನ್ನು ಸಾರ್ವಜನಿಕ ಸಮಸ್ಯೆಯಾಗಿ ತೊಡೆದುಹಾಕಿತೆಂದು 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಮನ್ನಣೆ ಪಡೆಯಿತು. ಅಂಥ ಮನ್ನಣೆ ಪಡೆದ ದೇಶಗಳಲ್ಲಿ ಇದೇ ಮೊದಲನೆಯದು. ಭಾರತಕ್ಕೆ ಅದು ಸಿಕ್ಕಿದ್ದು 2024ರಲ್ಲಿ.

ಬೆಂಗಳೂರಿನ ಇನ್ನೊಂದು ಕೆಲಸವನ್ನು ನೆನೆಯದಿದ್ದರೆ ಅನ್ಯಾಯ. ದಿನ ತುಂಬದೆ ಹುಟ್ಟಿದ ಮಕ್ಕಳ ಅಕ್ಷಿಪಟಲ ಕೆಲವೇ ವಾರಗಳಲ್ಲಿ ಕೆಟ್ಟು ಮಗು ಶಾಶ್ವತವಾಗಿ ಕುರುಡಾಗಬಹುದು. ಹುಟ್ಟಿದ 30 ದಿನಗಳೊಳಗೆ ಕಣ್ಣು ನೋಡಿಸಬೇಕು. ಹಸಿ ಬಾಣಂತಿ ಎಳೆಗೂಸನ್ನು ಎತ್ತಿಕೊಂಡು ಜಿಲ್ಲೆಯಿಂದ ಬೆಂಗಳೂರಿಗೆ ಬರುವುದೆಂತು? 2008ರಲ್ಲಿ ನಾರಾಯಣ ನೇತ್ರಾಲಯದವರು ತಲೆಕೆಳಗು ಯೋಚಿಸಿದರು. ತಾಯಿ ಬರುವುದು ಬೇಡ, ಕ್ಯಾಮರಾ ಹೋಗಲಿ. ತರಬೇತಾದ ತಂತ್ರಜ್ಞರು ಜಿಲ್ಲೆಗಳ ಆಸ್ಪತ್ರೆಗಳಿಗೆ ಕ್ಯಾಮರಾ ಒಯ್ದು ಮಗುವಿನ ಕಣ್ಣಿನ ಚಿತ್ರ ತೆಗೆಯುತ್ತಾರೆ. ಬೆಂಗಳೂರಿನ ತಜ್ಞರು ಅದನ್ನು ಅಲ್ಲಿಂದಲೇ ನೋಡಿ ಹೇಳುತ್ತಾರೆ. ಅಡ್ಜಸ್ಟ್ ಮಾಡಬೇಕಾದದ್ದು ಯಂತ್ರ, ಬಾಣಂತಿಯಲ್ಲ. ಇದಲ್ಲವೇ ವಿದ್ಯೆ!

ಈ ಅಳತೆಗೋಲನ್ನು ಹಿಡಿದು ನಮ್ಮ ಅಣ್ಣನ ಕಣ್ಣಿಗೆ ಬರುತ್ತೇನೆ. ಅವನಿಗೆ ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ. ಈ ಕಾಯಿಲೆ ಅಕ್ಷಿಪಟಲದ ನವಿರಾದ ರಕ್ತನಾಳಗಳನ್ನು ಸೋರುವಂತೆ ಮಾಡುತ್ತದೆ. ನೋವಿಲ್ಲ, ಕೆಂಪಾಗುವುದಿಲ್ಲ. ಕಾಣುವುದು ಕಡಿಮೆಯಾಯಿತೆಂದು ಗೊತ್ತಾಗುವ ವೇಳೆಗೆ ಅರ್ಧ ಕಾಲ ಮಿಂಚಿರುತ್ತದೆ. ಈಗ ಇದಕ್ಕೆ ಕಣ್ಣಿನೊಳಗೇ ಕೊಡುವ ಇಂಜೆಕ್ಷನ್ ಬಂದಿದೆ. ಕೇಳಲು ಭಯ, ಆದರೆ ಮರಗಟ್ಟಿಸುವ ಹನಿ ಹಾಕಿ ಕೊಡುತ್ತಾರೆ, ನಿಮಿಷದ ಕೆಲಸ. ಕಷ್ಟವೆಂದರೆ ಅದು ಒಂದು ಸಲಕ್ಕೆ ಮುಗಿಯದು. ಮೊದಲು ತಿಂಗಳಿಗೊಂದರಂತೆ, ಆಮೇಲೆ ಕಣ್ಣು ನೋಡಿ ಅಂತರ ಹೆಚ್ಚಿಸುತ್ತ ಹೋಗುತ್ತಾರೆ. ಅಣ್ಣ ಹಿರಿಯೂರಿನಿಂದ ಬೆಂಗಳೂರಿಗೆ ಬೆಳಗಿನ ಜಾವದ ಬಸ್ಸು ಹಿಡಿದು, ಮಗನ ಒಂದು ದಿನದ ಕೂಲಿ ಕೆಡಿಸಿ ಹೋಗುತ್ತಿದ್ದ. ಈರುಳ್ಳಿ ಕೀಳುವ ಕಾಲದಲ್ಲಿ ಎರಡು ತಿಂಗಳು ತಪ್ಪಿತು. ದಿನ ಬದಲಿಸಿ ಕೊಡಿ ಎಂದು ನಾನೇ ಸೂರ್‌ನಿಂದ ಫೋನು ಮಾಡಿದ್ದೆ. ಅತ್ತಲಿಂದ ಬಂದ ಉತ್ತರ: “ಸಾರ್, ಅವರೇ ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡು ಬರಲಿ.” ಅವರ ಪುಸ್ತಕದಲ್ಲಿ ‘ರೋಗಿ ಬರಲಿಲ್ಲ’ ಎಂದಷ್ಟೇ ಬರೆದಿರಬೇಕು. ಈಗ ಅಣ್ಣನ ಎಡಗಣ್ಣಿಗೆ ಮನುಷ್ಯರ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ.

ಆದ್ದರಿಂದ ಈ ಕಾಯಿಲೆಯ ಸಂಶೋಧನೆಯಲ್ಲಿ ನನಗೆ ಅತ್ಯಂತ ಮಹತ್ವವೆನಿಸುವುದು ಇಂಜೆಕ್ಷನ್ನುಗಳ ಸಂಖ್ಯೆಯನ್ನೂ ಬೆಲೆಯನ್ನೂ ಇಳಿಸುವ ಪ್ರಯತ್ನ. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫಾರಿಸಿಮ್ಯಾಬ್ ಎಂಬ ಔಷಧದಿಂದ ಕೆಲವು ರೋಗಿಗಳಿಗೆ ನಾಲ್ಕು ತಿಂಗಳಿಗೊಮ್ಮೆ ಕೊಟ್ಟರೂ ಸಾಕಾಗುತ್ತದೆ. ಬೆಲೆಯ ವಿಷಯದಲ್ಲಿ 2011ರ ಒಂದು ಅಧ್ಯಯನ ಸ್ಮರಣೀಯ. ಅಮೆರಿಕದ ಸರಕಾರಿ ಕಣ್ಣಿನ ಸಂಸ್ಥೆಯ ಹಣದಿಂದ ನಡೆದ ಆ ಪರೀಕ್ಷೆ, ಮುಪ್ಪಿನಲ್ಲಿ ಬರುವ ಅಕ್ಷಿಪಟಲದ ಕಾಯಿಲೆಗೆ, ಕರುಳಿನ ಕ್ಯಾನ್ಸರಿಗೆಂದು ಬಂದಿದ್ದ ಬೆವಾಸಿಝುಮ್ಯಾಬ್ ಎಂಬ ಅಗ್ಗದ ಔಷಧವು ದುಬಾರಿ ಔಷಧದಷ್ಟೇ ದೃಷ್ಟಿ ಉಳಿಸುತ್ತದೆಂದು ತೋರಿಸಿತು. ಆಗ ಅಲ್ಲಿ ಒಂದರ ಬೆಲೆ ಸುಮಾರು 50 ಡಾಲರು, ಇನ್ನೊಂದರದು 2000 ಡಾಲರು ಇತ್ತು. ಇಂಥ ಪರೀಕ್ಷೆಗೆ ಔಷಧ ಮಾರುವವರು ಹಣ ಹಾಕುವುದಿಲ್ಲ. ಜನರ ಹಣವೇ ಬೇಕು.

ಈ ವಿಚಾರಗಳನ್ನು ನಮ್ಮಲ್ಲಿ ಮಾತನಾಡಿದಾಗ ಇಬ್ಬರು ಸ್ನೇಹಿತರು ಆಕ್ಷೇಪ ಎತ್ತಿದರು. ಮೊದಲನೆಯವರು, “ರೈತರಿಗೆ 10 ಅಶ್ವಶಕ್ತಿಯವರೆಗೆ ಕರೆಂಟು ಪುಕ್ಕಟೆ. ಪುಕ್ಕಟೆ ತೆಗೆದುಕೊಳ್ಳುವವರು ಹೊತ್ತನ್ನೂ ಆರಿಸುವಂತಿಲ್ಲ” ಎಂದರು. ಪುಕ್ಕಟೆ ಕರೆಂಟಿನಿಂದ ಅಂತರ್ಜಲ ಪಾತಾಳಕ್ಕೆ ಇಳಿದಿದೆ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಬಹುಕಾಲ ನಾವಿಲ್ಲಿ ಉರಿಸಿದ ಏ.ಸಿ.ಯ ಕರೆಂಟಿಗೂ ಈ ದೇಶದ ಸರಕಾರ ಸಬ್ಸಿಡಿ ಕೊಟ್ಟಿದೆ. ನಮ್ಮಲ್ಲಿ ಹಲವರ ಬಿಲ್ಲನ್ನು ಕಂಪೆನಿಯೇ ಕಟ್ಟುತ್ತದೆ. ನಮ್ಮನ್ನು ಯಾರಾದರೂ ರಾತ್ರಿ ಎರಡಕ್ಕೆ ಎಬ್ಬಿಸಿದರೇ? ಎರಡನೆಯವರು, “ನಾನೊಬ್ಬ ಎರಡು ಡಿಗ್ರಿ ಏರಿಸಿದರೆ ಹಿರಿಯೂರಿಗೆ ಕರೆಂಟು ಹೋಗುತ್ತದೆಯೇ?” ಎಂದರು. ಇಲ್ಲ, ಹೋಗುವುದಿಲ್ಲ. ಸೂರ್‌ನ ತಂತಿ ಹಿರಿಯೂರಿಗೆ ಹೋಗಿಲ್ಲ. ಆದರೆ ಅಡ್ಜಸ್ಟ್ ಮಾಡಿ ಅಭ್ಯಾಸವಿಲ್ಲದವರು ನಾಳೆ ಬೆಂಗಳೂರಿಗೆ ಮರಳಿ, ಹೊಸ ಮನೆ ಕಟ್ಟಿ, ಅಲ್ಲಿಯೂ ಇದನ್ನೇ ಮಾಡುತ್ತಾರೆ. ಆ ತಂತಿ ಮಾತ್ರ ಹಿರಿಯೂರಿನ ತಂತಿಗೆ ಸೇರಿಯೇ ಇದೆ.

ಕೊನೆಗೆ ನಾವು ಮಾಡಬಹುದಾದ ಕೆಲಸಗಳನ್ನು ಹೇಳಿ ಮುಗಿಸುತ್ತೇನೆ. ಏ.ಸಿ.ಯನ್ನು ಒಂದು ಡಿಗ್ರಿ ಮೇಲಿಟ್ಟರೆ ಸುಮಾರು ಶೇಕಡಾ 6ರಷ್ಟು ಕರೆಂಟು ಉಳಿಯುತ್ತದೆಂದು ಭಾರತದ ಇಂಧನ ದಕ್ಷತಾ ಇಲಾಖೆಯವರ ಲೆಕ್ಕ. ಅವರು ಹೇಳುವುದು 24 ಡಿಗ್ರಿ. ನಮ್ಮ ಮನೆಯಲ್ಲಿ ಯುಗಾದಿಯ ಮಾರನೆಯ ದಿನದಿಂದ 25. ಮೊದಲ ವಾರ ಮಕ್ಕಳು ಗೊಣಗಿದರು, ಈಗ ಮರೆತಿದ್ದಾರೆ. ಇಲ್ಲಿಯ ಬೇಸಿಗೆಯಲ್ಲಿ ಮಾಳಿಗೆಯ ತೊಟ್ಟಿಯ ನೀರೇ ಕೈಸುಡುವುದರಿಂದ ಗೀಸರನ್ನು ಪೂರ್ತಿ ಆರಿಸಿಡಬಹುದು. ನೆರಳಿನಲ್ಲಿರುವ ಅದರ ನೀರೇ ಸ್ನಾನಕ್ಕೆ ತಣ್ಣಗಿರುತ್ತದೆ. ಬಟ್ಟೆ ಒಗೆಯುವ ಯಂತ್ರವನ್ನು ಬೇಸಿಗೆಯ ನಡುಮಧ್ಯಾಹ್ನ ಬಿಟ್ಟು ಬೆಳಿಗ್ಗೆ ಹಾಕಬಹುದು. ಊರಿನಲ್ಲಿ ಹೊಸ ಮೀಟರು ಬಂದಾಗ ಮನೆಯ ಹಿರಿಯರಿಗೆ ಹೊತ್ತಿನ ದರವನ್ನು ಬಿಡಿಸಿ ಹೇಳಬಹುದು.

ಕಣ್ಣಿನ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇದೆ. ಸಕ್ಕರೆ ಕಾಯಿಲೆಯಿರುವ ಪ್ರತಿಯೊಬ್ಬರೂ, ಎಷ್ಟೇ ಚೆನ್ನಾಗಿ ಕಾಣುತ್ತಿದ್ದರೂ, ವರ್ಷಕ್ಕೊಮ್ಮೆ ಹನಿ ಹಾಕಿಸಿ ಅಕ್ಷಿಪಟಲ ನೋಡಿಸಿಕೊಳ್ಳಬೇಕು. ರಜೆಗೆ ಊರಿಗೆ ಹೋದಾಗ ಮೂರು ಮದುವೆ, ನಾಲ್ಕು ದೇವಸ್ಥಾನ, ಸೀರೆ ಅಂಗಡಿ ಎಲ್ಲದಕ್ಕೂ ದಿನ ಹೊಂದಿಸುತ್ತೇವೆ. ಅಪ್ಪ ಅಮ್ಮನನ್ನು ಕಣ್ಣಾಸ್ಪತ್ರೆಗೆ ಕರೆದೊಯ್ಯಲು ಒಂದು ದಿನ ಇಡುವುದಿಲ್ಲ. ಹಣ ಕಳಿಸಿದರೆ ಮುಗಿಯಿತೆಂದು ನಾನು ಆರು ರಜೆ ಕಳೆದೆ. ಅಣ್ಣನ ಕಣ್ಣಿನ ಮೊದಲ ಪರೀಕ್ಷೆಗೆ ನಾನು ಒಂದು ದಿನ ಅಡ್ಜಸ್ಟ್ ಮಾಡಿದ್ದರೆ ಅವನು ಆರು ವರ್ಷ ಮೊದಲೇ ಚಿಕಿತ್ಸೆಗೆ ಸೇರುತ್ತಿದ್ದ. ಆಸ್ಪತ್ರೆಯ ಮೇಲೆ, ಕರೆಂಟಿನವರ ಮೇಲೆ ದೂರು ಹೇಳಿದ ನಾನು ಈ ತಪ್ಪನ್ನು ಹೇಳದೆ ಲೇಖನ ಮುಗಿಸಿದರೆ ಅದು ಪ್ರಾಮಾಣಿಕವಾಗದು.

ಈ ಸಲದ ರಾಜ್ಯೋತ್ಸವದ ಕೂಟದಲ್ಲಿ ಭಾಷಣಗಳ ನಡುವೆ ಹತ್ತು ನಿಮಿಷ ಈ ಮಾತಿಗೆ ಇಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಳ್ಳುತ್ತೇನೆ. ಯಾರು ಯಾರು ಕಣ್ಣು ನೋಡಿಸಿಕೊಂಡಿರಿ, ಯಾರ ಹಿರಿಯರಿಗೆ ನೋಡಿಸಿದಿರಿ ಎಂದು ಕೈ ಎತ್ತಿಸೋಣ. ಅಣ್ಣನ ಕೈಯ ಪಟ್ಟಿ ಬಿಚ್ಚಿದ್ದಾರೆ. ಬಲಗಣ್ಣಿನ ಇಂಜೆಕ್ಷನ್ನಿಗೆ ಮುಂದಿನ ಸಲ ನಾನೇ ಜೊತೆಗೆ ಹೋಗುವಂತೆ ರಜೆಯನ್ನು ಹೊಂದಿಸಿಕೊಂಡಿದ್ದೇನೆ. ಈ ವಾರ ಅವರ ಕಡೆ ಮತ್ತೆ ರಾತ್ರಿ ಪಾಳಿಯಂತೆ. ಮಗ ಹೋಗುತ್ತಿದ್ದಾನೆ.

– ಸೂರ್‌ನಿಂದ ಒಬ್ಬ ಸದಸ್ಯ